ಅಮ್ಮ ಹೂ ಎಣಿಸುವಾಗ

ಒದ್ದೆಯಾದ ಬಾಳೆ ನಾರಿಗೆ ತನ್ನದೇ ಒಂದು ವಾಸನೆ ಇದೆ. ಅದು ಬಾಳೆ ಎಲೆಯ ವಾಸನೆಯಲ್ಲ, ದಿಂಡಿನದೂ ಅಲ್ಲ. ಸ್ವಲ್ಪ ಒಗರು, ಸ್ವಲ್ಪ ಹುಳಿ. ಬಾವಿಯಿಂದ ಆಗತಾನೇ ಎಳೆದ ಹಗ್ಗವನ್ನು ಮೂಗಿನ ಹತ್ತಿರ ಹಿಡಿದರೆ ಬರುವಂಥದ್ದು. ಕಳೆದ ಮಾರ್ಚಿನಲ್ಲಿ ಒಂದು ದಿನ ಮಣಿಪಾಲದ ಕ್ಲಿನಿಕ್ಕೊಂದರ ಮುಂದೆ, ನನ್ನ ತಂಗಿಯ ಕಾರಿನಲ್ಲಿ ಕುಳಿತು ಅವಳಿಗಾಗಿ ಕಾಯುತ್ತಿದ್ದಾಗ ಆ ವಾಸನೆ ಬಂತು. ಸೀಟಿನ ಕೆಳಗೆ ಕೈ ಹಾಕಿದೆ. ಮೊದಲು ಮಗುವಿನ ಒಂದು ಕಾಲಿನ ಶೂ ಸಿಕ್ಕಿತು, ಆಮೇಲೆ ಲೈಬ್ರರಿಯ ಒಂದು ಪುಸ್ತಕ, ಆಮೇಲೆ ಬಾಳೆ ಎಲೆಯಲ್ಲಿ ಸುತ್ತಿದ ಒಂದು ಪೊಟ್ಟಣ. ಯಾವುದೋ ಶುಕ್ರವಾರ ದೇವರಿಗೆಂದು ಕಟಪಾಡಿಯಲ್ಲಿ ಕೊಂಡು ಅಲ್ಲಿಯೇ ಮರೆತ ಮಲ್ಲಿಗೆಯ ಚೆಂಡು ಅದು. ಮೊಗ್ಗುಗಳೆಲ್ಲ ಕಂದಾಗಿ ಬೆರಳಿಗೆ ಅಂಟುತ್ತಿದ್ದವು. ಕಟ್ಟಿದ ನಾರು ಮಾತ್ರ ಗಟ್ಟಿಯಾಗಿತ್ತು, ಒಂದು ಗಂಟೂ ಸಡಿಲವಾಗಿರಲಿಲ್ಲ. ನಾನು ಅದನ್ನು ಎಸೆಯಲಿಲ್ಲ. ಎಸೆಯಬೇಕೆಂದೂ ಅನ್ನಿಸಲಿಲ್ಲ, ಇಟ್ಟುಕೊಳ್ಳಬೇಕೆಂದೂ ಅನ್ನಿಸಲಿಲ್ಲ. ಕೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದೆ.

ತಂಗಿ ಸುಜಾತ ಒಳಗೆ ಡಾಕ್ಟರ ಜೊತೆ ಮಾತಾಡುತ್ತಿದ್ದಳು. ನನ್ನ ತೊಡೆಯ ಮೇಲೆ ಅವರು ಕೊಟ್ಟಿದ್ದ ನಾಲ್ಕು ಪುಟದ ಫಾರಂ ಇತ್ತು. ಸುಜಿಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ ತೊಂದರೆ, ಇದೆ ಎಂದು ಅವರಿಗೆ ಹೆಚ್ಚುಕಡಿಮೆ ಖಚಿತವಾಗಿತ್ತು. ಆದರೆ ದೊಡ್ಡವರಲ್ಲಿ ಇದನ್ನು ಗುರುತಿಸಬೇಕಾದರೆ ಅವರು ಚಿಕ್ಕಂದಿನಲ್ಲಿ ಹೇಗಿದ್ದರು ಎಂಬುದನ್ನು ಹತ್ತಿರದಿಂದ ನೋಡಿದ ಒಬ್ಬರು ಹೇಳಬೇಕಂತೆ. ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ಉಳಿದವನು ನಾನು. ವಸ್ತುಗಳನ್ನು ಕಳೆದುಕೊಳ್ಳುತ್ತಿದ್ದರೇ, ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುತ್ತಿದ್ದರೇ, ಕರೆದರೆ ಕೇಳಿಸದವರ ಹಾಗೆ ಇರುತ್ತಿದ್ದರೇ ಎಂದು ಮುಂತಾದ ಪ್ರಶ್ನೆಗಳು. ಪ್ರತಿಯೊಂದರ ಮುಂದೆಯೂ ನಾಲ್ಕು ಚೌಕ: ಇಲ್ಲವೇ ಇಲ್ಲ, ಕೆಲವೊಮ್ಮೆ, ಹಲವು ಬಾರಿ, ಯಾವಾಗಲೂ. ಕೊನೆಯ ಪುಟದಲ್ಲಿ, ಕುಟುಂಬದಲ್ಲಿ ಬೇರೆ ಯಾರಿಗಾದರೂ ಇಂಥದ್ದು ಇತ್ತೇ ಎಂದು ಕೇಳಿ ಉಳಿದ ಜಾಗವನ್ನು ಖಾಲಿ ಬಿಟ್ಟಿದ್ದರು. ಒಳಗೆ ಹೋಗುವ ಮೊದಲು ಸುಜಿ ಆ ಖಾಲಿ ಜಾಗದ ಮೇಲೆ ಬೆರಳಿಟ್ಟು ಹೇಳಿದ್ದಳು:

"ಇಲ್ಲಿ ಅಮ್ಮನದ್ದು ಬರೆ ಅಣ್ಣ. ಬೆಳ್ಮಣ್ಣಿನದ್ದು ಪೂರ್ತಿ ಬರೆ. ಆಗ ಅವರಿಗೆ ಅರ್ಥ ಆಗ್ತದೆ."

ಬೆಳ್ಮಣ್ಣಿನದ್ದು ಎಂದರೆ ನಮ್ಮ ಕುಟುಂಬದಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಸುಮಾರು ಮೂವತ್ತು ವರ್ಷದ ಹಿಂದೆ ಅಮ್ಮ ತನ್ನ ಮಗಳನ್ನು ಬೆಳ್ಮಣ್ಣಿನ ಬಸ್ ನಿಲ್ದಾಣದಲ್ಲಿ ಮರೆತು ಬಸ್ಸು ಹತ್ತಿ ಹೋದಳು. ಅಷ್ಟೇ ಕತೆ. ಮದುವೆಗಳಲ್ಲಿ, ಸತ್ತವರ ಬೊಜ್ಜಗಳಲ್ಲಿ, ನಾಲ್ಕು ಜನ ನೆಂಟರು ಕಲೆತಲ್ಲೆಲ್ಲ ಅದು ಒಂದು ಸಲ ಬಂದೇ ಬರುತ್ತಿತ್ತು. ಸುಜಿಗೆ ಈಗ ಅದು ಬೇಕಾಗಿತ್ತು. ಹದಿನೈದು ದಿನದ ಹಿಂದೆ ಅವಳು ತನ್ನ ಏಳು ವರ್ಷದ ಮಗಳು ಅನ್ವಿಯನ್ನು ಶಾಲೆಯಿಂದ ಕರೆತರಲು ಮರೆತಿದ್ದಳು. ಅವಳಿಗೆ ಒಂದು ಲ್ಯಾಬಿನಲ್ಲಿ ಕೆಲಸ. ಮೈಕ್ರೋಸ್ಕೋಪಿನಡಿ ರಕ್ತದ ಕಣಗಳನ್ನು ನೋಡುತ್ತ ಕುಳಿತರೆ ಅವಳಷ್ಟು ನಿಖರವಾಗಿ ನೋಡುವವರು ಅಲ್ಲಿ ಬೇರೆ ಇಲ್ಲ ಎನ್ನುತ್ತಾರೆ. ಫೋನಿನಲ್ಲಿ ಅನ್ವಿಯ ಹೆಸರಿನ ಅಲಾರಂ ಬಡಿದುಕೊಂಡಿತ್ತು, ಆದರೆ ಫೋನು ಹೊರಗೆ ಲಾಕರಿನಲ್ಲಿತ್ತು. ತಲೆ ಎತ್ತಿದಾಗ ನಾಲ್ಕೂಕಾಲು. ಮಗು ಒಂದು ಗಂಟೆ ಕಾಲ ಗೇಟಿನ ವಾಚ್‌ಮ್ಯಾನಿನ ಕುರ್ಚಿಯಲ್ಲಿ ಕುಳಿತಿತ್ತು. ಅದರಿಂದ ಅನ್ವಿಗೆ ಏನೂ ಆದಂತಿರಲಿಲ್ಲ. ಸುಜಿಗೆ ಆಗಿತ್ತು. ಗಂಡ ಮಸ್ಕತ್‌ನಲ್ಲಿ, ವರ್ಷಕ್ಕೊಮ್ಮೆ ಬರುತ್ತಾನೆ. ಅನ್ವಿಯನ್ನು ಜೂನಿನಿಂದ ಕಾಪುವಿನಲ್ಲಿ ಅವನ ತಾಯಿಯ ಬಳಿ ಬಿಟ್ಟು ಅಲ್ಲಿಯ ಶಾಲೆಗೆ ಸೇರಿಸುವುದು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಕ್ಲಿನಿಕ್ಕಿನಿಂದ ನೇರ ಕಾಪುವಿಗೆ ಹೋಗಿ ಶಾಲೆಯ ಅರ್ಜಿ ಕೊಡುವುದು ಅಂದಿನ ಕಾರ್ಯಕ್ರಮ. ನನ್ನ ಫಾರಮ್ಮಿನ ಅಡಿಯಲ್ಲಿ, ಅದೇ ಫೈಲಿನಲ್ಲಿ, ಆ ಅರ್ಜಿಯೂ ಇತ್ತು. "ನಾನು ಅಮ್ಮನ ಹಾಗೆಯೇ. ಇವತ್ತು ಶಾಲೆಯ ಗೇಟು, ನಾಳೆ ಬೆಳ್ಮಣ್ಣು," ಎಂದು ಅವಳು ತಣ್ಣಗೆ ಹೇಳಿದ್ದಳು.

ನಾನು ಇತಿಹಾಸ ಓದಿದವನು. ನಾಲ್ಕು ಊರುಗಳಲ್ಲಿ ಪಾಠ ಮಾಡಿ, ಎಲ್ಲಿಯೂ ಮೂರು ವರ್ಷಕ್ಕಿಂತ ಹೆಚ್ಚು ನಿಲ್ಲಲಾರದೆ, ಈಗ ಉಡುಪಿಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದೇನೆ. ಒಬ್ಬನೇ ಸಾಕ್ಷಿ ಇರುವ ಘಟನೆಯನ್ನು ನಂಬಬೇಡಿ, ಆ ಸಾಕ್ಷಿ ನೀವೇ ಆಗಿದ್ದರೆ ಇನ್ನೂ ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತ ಬಂದವನು. ಸತ್ತವರಿಗೆ ಕಾಯಿಲೆಯ ಹೆಸರು ಕೊಡುವುದರಲ್ಲಿಯೂ ನನಗೆ ನಂಬಿಕೆ ಇಲ್ಲ. ಆದ್ದರಿಂದ ಇಲ್ಲಿ ಅಮ್ಮನ ಬಗ್ಗೆ ಬರೆಯುವುದನ್ನು ನೀವು ಎಷ್ಟು ನಂಬಬೇಕೋ ಅಷ್ಟು ನಂಬಿ. ನನಗೆ ನೆನಪಿದೆ ಎಂದು ನಾನು ಅಂದುಕೊಂಡಿರುವುದನ್ನು ಮಾತ್ರ ಹೇಳುತ್ತೇನೆ.

ನಮ್ಮ ಮನೆ ಕಟಪಾಡಿಯಿಂದ ಒಳಗೆ, ಶಂಕರಪುರದ ಹತ್ತಿರ ಇತ್ತು. ಅಮ್ಮನ ತಾಯಿಯ ಮನೆ. ಅಪ್ಪ ಮುಂಬಯಿಯಲ್ಲಿ ಒಂದು ಕ್ಯಾಂಟೀನಿನಲ್ಲಿದ್ದ; ಮನೆಯಲ್ಲಿ ಅಜ್ಜಿ, ಅಮ್ಮ, ನಾವಿಬ್ಬರು. ಅಂಗಳದ ಆಚೆ ನಲುವತ್ತೋ ಐವತ್ತೋ ಮಲ್ಲಿಗೆ ಗಿಡಗಳು. ಆ ಭಾಗದ ಎಲ್ಲ ಮನೆಗಳ ಹಾಗೆ ನಮ್ಮದೂ ಹೂವಿನಿಂದ ನಡೆಯುತ್ತಿದ್ದ ಮನೆ. ಅಮ್ಮನ ಹೆಸರು ವಾರಿಜ. ಅವಳನ್ನು ನೆನೆದರೆ ನನಗೆ ಮೊದಲು ಕಾಣುವುದು ಮುಖವಲ್ಲ, ಅರ್ಧ ಗುಡಿಸಿದ ಅಂಗಳ. ಕಡ್ಡಿಹಿಡಿಯ ಗೀರುಗಳು ಮೆಟ್ಟಿಲಿನಿಂದ ಹೊರಟು ತುಳಸಿಕಟ್ಟೆಯವರೆಗೆ ಒಂದೇ ಸಮನೆ ಬಂದು ಅಲ್ಲಿ ನಿಂತುಬಿಡುತ್ತಿದ್ದವು. ಕಡ್ಡಿಹಿಡಿ ಅಲ್ಲಿಯೇ ಬಿದ್ದಿರುತ್ತಿತ್ತು. ತುಳಸಿಗೆ ನೀರು ಇಲ್ಲ ಎಂದು ಕಂಡು ಬಾವಿಗೆ ಹೋಗಿರುತ್ತಿದ್ದಳು. ಬಾವಿಯ ಬಳಿ ಸಾಬೂನು ಮುಗಿದದ್ದು ಕಂಡು ಒಳಗೆ ಹೋಗಿರುತ್ತಿದ್ದಳು. ಒಳಗೆ ಅಟ್ಟದ ಏಣಿ ಹತ್ತಿ ಯಾವುದೋ ಹಳೆಯ ಟ್ರಂಕು ತೆರೆದು ಕುಳಿತಿರುತ್ತಿದ್ದಳು. ನಾವು ಮಕ್ಕಳು ಅವಳನ್ನು ಹುಡುಕುವಾಗ ಹೆಸರು ಕರೆಯುತ್ತಿರಲಿಲ್ಲ. ಅರ್ಧಕ್ಕೆ ನಿಂತ ಕೆಲಸಗಳನ್ನು ಒಂದರ ಹಿಂದೆ ಒಂದು ನೋಡುತ್ತ ಹೋದರೆ ಕೊನೆಯಲ್ಲಿ ಅಮ್ಮ ಸಿಗುತ್ತಿದ್ದಳು.

ಅವಳಿಗೆ ತನ್ನ ಬಗ್ಗೆ ಗೊತ್ತಿತ್ತು. ಅದಕ್ಕಾಗಿ ಅವಳು ಒಂದು ದಾರಿ ಕಂಡುಕೊಂಡಿದ್ದಳು. ಮರೆಯಬಾರದ ಕೆಲಸ ಏನಾದರೂ ಇದ್ದರೆ ಹೂ ಕಟ್ಟುವ ಒದ್ದೆ ನಾರಿನ ಒಂದು ಎಳೆಯನ್ನು ಬಳೆಗೆ ಕಟ್ಟಿಕೊಳ್ಳುತ್ತಿದ್ದಳು. ಒಂದು ಗಂಟು ಅಂದರೆ ಒಲೆಯ ಮೇಲೆ ಅನ್ನ, ಎರಡು ಗಂಟು ಅಂದರೆ ಅಜ್ಜಿಯ ಮಾತ್ರೆ. ಕೆಲವು ದಿನ ಬಳೆಗಳೇ ಕಾಣದಷ್ಟು ನಾರು ಇರುತ್ತಿತ್ತು. ಯಾವ ಗಂಟು ಯಾವುದಕ್ಕೆ ಎಂಬುದು ಮರೆತುಹೋದಾಗ ನಮ್ಮನ್ನು ಕರೆದು ಕೈ ಚಾಚಿ, "ಇದು ಎಂತಕ್ಕೆ ಹಾಕಿದ್ದು ಮಗಾ, ನಿನಗೆ ಗೊತ್ತುಂಟಾ?" ಎಂದು ಕೇಳುತ್ತಿದ್ದಳು. ಅವಳೂ ನಗುತ್ತಿದ್ದಳು, ನಾವೂ ನಗುತ್ತಿದ್ದೆವು. ಅಜ್ಜಿ ನಗುತ್ತಿರಲಿಲ್ಲ.

ಹೂವಿನ ಮುಂದೆ ಮಾತ್ರ ಅವಳು ಬೇರೆಯೇ ಹೆಂಗಸು. ಬಿಸಿಲು ಏರುವ ಮೊದಲು ಮೊಗ್ಗು ಕೊಯ್ದು, ಗೆರಸೆಯಲ್ಲಿ ಒದ್ದೆ ಬಟ್ಟೆಯ ಮೇಲೆ ಹರಡಿ, ಹೂವಿನ ವ್ಯಾಪಾರದ ಕಟ್ಟೆಯಿಂದ ಹೂ ಒಯ್ಯುವವರು ಬರುವುದರೊಳಗೆ ಕಟ್ಟಿ ಮುಗಿಸಬೇಕು. ತಡವಾದರೆ ಮೊಗ್ಗು ಬಿರಿಯುತ್ತದೆ, ಬಿರಿದದ್ದು ಯಾರಿಗೂ ಬೇಡ. ಒಂದು ಚೆಂಡಿಗೆ ಇಷ್ಟೇ ಮೊಗ್ಗು ಎಂಬ ಎಣಿಕೆ ಇತ್ತು, ಅದು ತಪ್ಪಬಾರದು. ಅಮ್ಮ ಗೋಡೆಗೆ ಒರಗಿ, ಕಾಲು ಚಾಚಿ, ನಾರಿನ ತುದಿಯನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಕುಳಿತರೆ ಅವಳ ಚದುರಿದ ಮೈಯೆಲ್ಲ ಬೆರಳಿನ ತುದಿಗೆ ಬಂದು ನಿಲ್ಲುತ್ತಿತ್ತು. ಒಂಜಿ, ರಡ್ಡ್, ಮೂಜಿ ಎಂದು ತುಟಿಯೊಳಗೇ ತುಳುವಿನಲ್ಲಿ ಎಣಿಸುತ್ತಿದ್ದಳು. ಸುತ್ತಲಿನ ಹತ್ತು ಮನೆಗಳಲ್ಲಿ ಅವಳಷ್ಟು ಬೇಗ, ಅವಳಷ್ಟು ಒತ್ತಾಗಿ ಕಟ್ಟುವವರು ಇರಲಿಲ್ಲ. ಆದರೆ ಎಣಿಕೆಯ ನಡುವೆ ಯಾರಾದರೂ ಒಂದು ಮಾತು ಆಡಿದರೆ ಮುಗಿಯಿತು; ಲೆಕ್ಕ ಹೋಯಿತು, ಮತ್ತೆ ಮೊದಲಿನಿಂದ. ಉಳಿದವರಿಗೆ ಹಾಗೆ ಆಗುತ್ತಿರಲಿಲ್ಲ. ಅವರು ಹರಟೆ ಹೊಡೆಯುತ್ತಲೇ ಕಟ್ಟುತ್ತಿದ್ದರು. ಅಮ್ಮನಿಗೆ ಆಗುತ್ತಿತ್ತು. ಆದ್ದರಿಂದ ನಮ್ಮ ಮನೆಯಲ್ಲಿ ಒಂದೇ ಒಂದು ನಿಯಮ ಇತ್ತು: ಅಮ್ಮನ ತುಟಿ ಅಲ್ಲಾಡುತ್ತಿರುವಾಗ ಮಾತಾಡಬಾರದು. ಬಿದ್ದು ಮೊಣಕಾಲು ಕಿತ್ತುಹೋದರೂ ಅಳುತ್ತ ಹೊರಗೆ ಹೋಗಬೇಕು. ಒಮ್ಮೆ ದನ ಬಂದು ಒಣಗಲು ಹಾಕಿದ್ದ ಭತ್ತ ತಿನ್ನುತ್ತಿದ್ದಾಗ ನಾನು ಅವಳ ಎದುರು ನಿಂತು, ಒಂದು ಮಾತೂ ಆಡದೆ, ಅವಳು ಚೆಂಡು ಮುಗಿಸಿ ತಲೆ ಎತ್ತುವುದನ್ನು ಕಾದೆನಂತೆ. ಅಜ್ಜಿ ಆ ದಿನ ನನ್ನನ್ನು ಹೊಗಳಿದಳು. ಆ ಹೊಗಳಿಕೆ ನನಗೆ ಬಹಳ ದಿನ ಹಿತವಾಗಿತ್ತು.

ಬೆಳ್ಮಣ್ಣಿನ ದಿನ ನಾವು ಕಾರ್ಕಳಕ್ಕೆ ಹೊರಟಿದ್ದೆವು. ಅಲ್ಲಿ ಚಿಕ್ಕಮ್ಮನ ಮನೆಯಲ್ಲಿ, ಅವಳ ನಾದಿನಿಯ ಮದುವೆ. ಮದುಮಗಳ ಮುಡಿಗೆ ಹೂ ತರುವುದು ಅಮ್ಮನ ಪಾಲಿನ ಕೆಲಸ. ಬೆಳಿಗ್ಗೆ ಕೊಯ್ದ ಮೊಗ್ಗು ಕಟ್ಟಿ ಮುಗಿದಿರಲಿಲ್ಲ. ಅರ್ಧ ಕಟ್ಟಿದ ದಂಡೆ, ಉಳಿದ ಮೊಗ್ಗು, ನಾರು ಎಲ್ಲವನ್ನೂ ಒಂದು ಬುಟ್ಟಿಯಲ್ಲಿ ಹಾಕಿಕೊಂಡು ಅಮ್ಮ ಶಿರ್ವದ ಬಸ್ಸಿನಲ್ಲಿಯೇ ಕಟ್ಟುತ್ತ ಬಂದಳು. ನನಗೆ ಒಂಬತ್ತು ವರ್ಷ, ಸುಜಿಗೆ ಐದು ತುಂಬಿರಲಿಲ್ಲ. ಬೆಳ್ಮಣ್ಣಿನಲ್ಲಿ ಇಳಿದು ಕಾರ್ಕಳದ ಬಸ್ಸು ಹಿಡಿಯಬೇಕು. ಇಳಿದಲ್ಲಿ ಒಂದು ಟೈಲರ್ ಅಂಗಡಿ ಇತ್ತು. ಸುಜಿ ಹೊಲಿಗೆ ಯಂತ್ರದ ಚಕ್ರ ತಿರುಗುವುದನ್ನು ನೋಡುತ್ತ ಅದರ ಮೆಟ್ಟಿಲಲ್ಲಿ ನಿಂತಳು. ಅಮ್ಮ ನೆರಳಿನಲ್ಲಿ ನಿಂತುಕೊಂಡೇ ಕಟ್ಟುತ್ತಿದ್ದಳು. ಅಷ್ಟರಲ್ಲಿ ರಸ್ತೆಯ ಆಚೆ ಬದಿಗೆ ಕಾರ್ಕಳದ ಎಕ್ಸ್‌ಪ್ರೆಸ್ ಬಂತು. ಕಂಡಕ್ಟರ್ ಸೀಟಿ ಊದುತ್ತ, ಹಿಂದೆ ಇನ್ನೊಂದು ಬಸ್ಸುಂಟು, ಬೇಗ ಬೇಗ ಎಂದು ಕೂಗುತ್ತಿದ್ದ. ನಾನು ಓಡಿದೆ. ಅಮ್ಮ ಬುಟ್ಟಿ ಅಪ್ಪಿಕೊಂಡು ನನ್ನ ಹಿಂದೆ ಓಡಿದಳು. ಕಂಡಕ್ಟರ್ ಬುಟ್ಟಿ ಎತ್ತಿಕೊಟ್ಟ. ಬಸ್ಸು ಹೊರಟಿತು. ಕುಳಿತ ಕೂಡಲೇ ಅಮ್ಮನ ತುಟಿ ಮತ್ತೆ ಅಲ್ಲಾಡತೊಡಗಿತು.

ಕಂಡಕ್ಟರ್ ಟಿಕೆಟಿಗೆ ಬಂದಾಗ ಅಮ್ಮನನ್ನು ಎರಡು ಸಲ ಕೇಳಿದ. ಅವಳು ತಲೆ ಎತ್ತಲಿಲ್ಲ. ಅವನು ನನ್ನ ಕಡೆ ತಿರುಗಿ, "ನಿಮ್ಮಮ್ಮನಿಗೆ ಕಿವಿ ಕೇಳುವುದಿಲ್ವಾ ಮಾರಾಯ? ಎಷ್ಟು ಮಂದಿ?" ಎಂದ. ನಾನು, ಒಂದು ಫುಲ್ ಒಂದು ಹಾಫ್ ಎಂದೆ. ಇದು ನನಗೆ ಸ್ಪಷ್ಟವಾಗಿ ನೆನಪಿದೆ. ಆದರೆ ಇದರಿಂದ ಏನೂ ಸಾಬೀತಾಗುವುದಿಲ್ಲ. ಸುಜಿಗೆ ಟಿಕೆಟ್ ಬೇಕಾಗಿರಲಿಲ್ಲ. ಅವಳು ಬಸ್ಸಿನಲ್ಲಿ ಇದ್ದಿದ್ದರೂ ನಾನು ಅದನ್ನೇ ಹೇಳುತ್ತಿದ್ದೆ.

ನನ್ನ ನೆನಪಿನಲ್ಲಿ ಇನ್ನೊಂದು ಚಿತ್ರ ಇದೆ. ಬಸ್ಸು ಹೊರಡುವಾಗ ಕಿಟಕಿಯಿಂದ ಸುಜಿ ಕಾಣುತ್ತಾಳೆ. ಹಸಿರು ಲಂಗ, ಟೈಲರ್ ಅಂಗಡಿಯ ಮೆಟ್ಟಿಲು. ಅವಳು ಅಲ್ಲಿಯೇ ಉಳಿದಳು ಎಂದು ನನಗೆ ಗೊತ್ತಾಗುತ್ತದೆ. ಅಮ್ಮನ ಕಡೆ ತಿರುಗುತ್ತೇನೆ, ತುಟಿ ಅಲ್ಲಾಡುತ್ತಿದೆ. ನಾನು ಕಾಯುತ್ತೇನೆ. ಚೆಂಡು ಮುಗಿಯಲಿ ಎಂದು ಕಾಯುತ್ತೇನೆ. ಅಷ್ಟೇ. ಹೆದರಿಕೆ ಇಲ್ಲ, ತಂಗಿಯ ಮೇಲೆ ಸಿಟ್ಟೂ ಇಲ್ಲ. ಮೂವತ್ತು ವರ್ಷದಿಂದ ಆ ಚಿತ್ರದಲ್ಲಿ ಬೇರೆ ಏನಾದರೂ ಇದೆಯೇ ಎಂದು ಹುಡುಕಿದ್ದೇನೆ. ಕಾಯುವ ಒಬ್ಬ ಹುಡುಗ ಮಾತ್ರ ಇದ್ದಾನೆ.

ನಿಟ್ಟೆ ದಾಟಿದ ಮೇಲೆ ಅಮ್ಮ ಎಣಿಕೆಯ ನಡುವೆ ತಾನಾಗಿಯೇ ನಿಂತಳು. ಯಾರೂ ಮಾತಾಡಿಸಿರಲಿಲ್ಲ. ಬೆರಳುಗಳ ನಡುವೆ ಎರಡು ಮೊಗ್ಗು ಹಾಗೆಯೇ ಇದ್ದವು. "ಸುಜಿ ಎಲ್ಲಿ?" ಎಂದಳು. ಆಮೇಲೆ ನಡೆದದ್ದೆಲ್ಲ ಬಹಳ ಬೇಗ. ಬಸ್ಸು ನಿಂತದ್ದು, ಅವಳು ನನ್ನ ರಟ್ಟೆ ಹಿಡಿದು ಇಳಿದದ್ದು, ಎದುರಿನಿಂದ ಬಂದ ಕಲ್ಲು ಸಾಗಿಸುವ ಲಾರಿಗೆ ಅಡ್ಡ ನಿಂತದ್ದು. ಹೂವಿನ ಬುಟ್ಟಿ ಬಸ್ಸಿನಲ್ಲಿಯೇ ಉಳಿಯಿತು. ಲಾರಿಯಲ್ಲಿ ಅವಳು ಅಳಲಿಲ್ಲ, ಕಿಟಕಿಯಿಂದ ತಲೆ ಹೊರಗೆ ಹಾಕಿ ರಸ್ತೆಯನ್ನೇ ನೋಡುತ್ತಿದ್ದಳು. ಬೆಳ್ಮಣ್ಣಿನಲ್ಲಿ ಸುಜಿ ಟೈಲರನ ಬೆಂಚಿನ ಮೇಲೆ ಕುಳಿತು ಬಣ್ಣ ಬಣ್ಣದ ಬಟ್ಟೆಯ ಚೂರುಗಳನ್ನು ಮಡಿಲಲ್ಲಿ ಗುಡ್ಡೆ ಹಾಕಿಕೊಂಡಿದ್ದಳು. ಒಂದು ಚೂರೂ ಅತ್ತಿಲ್ಲ, ಒಳ್ಳೆ ಹುಡುಗಿ ಎಂದು ಟೈಲರ್ ಹೇಳಿದ. ಅಮ್ಮ ಅವಳ ಎದುರು ನೆಲದಲ್ಲಿ ಕುಕ್ಕರಿಸಿ, ಬಳೆಯಲ್ಲಿ ಉಳಿದಿದ್ದ ನಾರಿನಿಂದ ಅವಳ ಕೈಯನ್ನು ತನ್ನ ಕೈಗೆ ಕಟ್ಟಿಕೊಂಡಳು. ಹಾಗೆ ಕಟ್ಟಿಕೊಂಡೇ ನಾವು ಕಾರ್ಕಳಕ್ಕೆ ಹೋದೆವು. ಮುಹೂರ್ತ ಮುಗಿದಿತ್ತು. ಆ ಕಂಡಕ್ಟರ್ ಒಳ್ಳೆಯವನು, ಬುಟ್ಟಿಯನ್ನು ಮದುವೆ ಮನೆಗೆ ಮುಟ್ಟಿಸಿದ್ದ. ಯಾರೋ ಹೂ ಕಟ್ಟಿ ಮುಗಿಸಿ ಮದುಮಗಳಿಗೆ ಮುಡಿಸಿದ್ದರು. ಹೂ ಸಮಯಕ್ಕೆ ಬಂತು, ಹೂ ತರುವವಳೇ ಬರಲಿಲ್ಲ ಎಂದು ಊಟದ ಪಂಕ್ತಿಯಲ್ಲಿ ಒಬ್ಬರು ಅಂದರು, ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು.

ಮನೆಗೆ ಬಂದ ಮೇಲೆ ಅಜ್ಜಿ ನಗಲಿಲ್ಲ. ಅವಳು ಹೇಳಿದ್ದು ತುಳುವಿನಲ್ಲಿ, ನನಗೆ ಈಗಲೂ ಹಾಗೆಯೇ ಕೇಳಿಸುತ್ತದೆ, ಕನ್ನಡದಲ್ಲಿ ಇಷ್ಟು: "ಸಾವಿರ ಮೊಗ್ಗು ಎಣಿಸ್ತಿ. ಇರುವುದು ಎರಡು ಮಕ್ಕಳು. ಅದನ್ನು ಎಣಿಸ್ಲಿಕ್ಕೆ ಆಗುವುದಿಲ್ಲವಾ ನಿನಗೆ?" ನಾನು ಪಕ್ಕದಲ್ಲಿಯೇ ಇದ್ದೆ. ಆಗ ಅಮ್ಮನ ತುಟಿ ಅಲ್ಲಾಡುತ್ತಿರಲಿಲ್ಲ, ಮಾತಾಡಲು ಯಾವ ಅಡ್ಡಿಯೂ ಇರಲಿಲ್ಲ. ನಾನು ಮಾತಾಡಲಿಲ್ಲ. ಜೂನಿನಲ್ಲಿ ಸುಜಿಯನ್ನು ಕಾರ್ಕಳಕ್ಕೆ ಚಿಕ್ಕಮ್ಮನ ಮನೆಗೆ ಕಳಿಸಿದರು. ಒಂದರಿಂದ ಮೂರನೆಯ ತರಗತಿಯವರೆಗೆ ಅವಳು ಓದಿದ್ದು ಅಲ್ಲಿ. ಮುಂಬಯಿಯಿಂದ ಅಪ್ಪನೂ ಅದೇ ಸರಿ ಎಂದು ಬರೆದಿದ್ದ. ಅಮ್ಮ ಪ್ರತಿ ಭಾನುವಾರ ಬಸ್ಸು ಹತ್ತಿ ಕಾರ್ಕಳಕ್ಕೆ ಹೋಗುತ್ತಿದ್ದಳು. ಶುಕ್ರವಾರದಿಂದಲೇ ಬಳೆಗೆ ನಾರು ಬೀಳುತ್ತಿತ್ತು. ಎರಡು ಸಲ ದಿನ ತಪ್ಪಿ ಶನಿವಾರ ಹೋಗಿ, ಸುಜಿ ಶಾಲೆಯಲ್ಲಿದ್ದಾಗ ಗೇಟಿನ ಹೊರಗೆ ನಿಂತಿದ್ದಳಂತೆ. ಒಂದು ವಾರವೂ ತಪ್ಪಿಸಿದ್ದು ನನಗೆ ನೆನಪಿಲ್ಲ. ಆ ಮೂರು ವರ್ಷ ಅಂಗಳದಲ್ಲಿ ಗೀರುಗಳು ತುಳಸಿಕಟ್ಟೆಯವರೆಗೂ ಬರುತ್ತಿರಲಿಲ್ಲ ಎಂದು ನೆನಪು. ಇದು ನಾನು ಆಮೇಲೆ ಸೇರಿಸಿಕೊಂಡದ್ದೂ ಇರಬಹುದು.

ಎಂ.ಎ. ಓದುವಾಗ ಒಮ್ಮೆ ನಾನು ಸುಮ್ಮನೆ ಬೆಳ್ಮಣ್ಣಿಗೆ ಹೋಗಿ ಇಳಿದೆ. ಟೈಲರ್ ಅಂಗಡಿ ಇದ್ದಲ್ಲಿ ಮೊಬೈಲ್ ಅಂಗಡಿ ಇತ್ತು. ನಿಂತು ನೋಡಿದಾಗ ಒಂದು ಸಂಗತಿ ಹೊಳೆಯಿತು. ಕಾರ್ಕಳದ ಕಡೆ ಮುಖ ಮಾಡಿದ ಬಸ್ಸಿನಿಂದ ಆ ಅಂಗಡಿ ಕಾಣಬೇಕಾದರೆ ಬಲಬದಿಯ ಕಿಟಕಿಯಲ್ಲಿರಬೇಕು. ನಾನು ಕುಳಿತದ್ದು ಎಡಬದಿಯಲ್ಲಿ, ಅಮ್ಮನ ಪಕ್ಕ. ಅದರಲ್ಲಿ ನನಗೆ ಸಂದೇಹವಿಲ್ಲ. ಹಾಗಾದರೆ ನಾನು ಸುಜಿಯನ್ನು ನೋಡಿರಲು ಸಾಧ್ಯವಿಲ್ಲ. ಆ ಚಿತ್ರ ಆಮೇಲೆ ಕಟ್ಟಿಕೊಂಡದ್ದು. ನೆನಪು ಹಾಗೆ ಮಾಡುತ್ತದೆ ಎಂದು ಓದಿದ್ದೆ, ಅದಕ್ಕೆ ನನ್ನಲ್ಲಿಯೇ ಉದಾಹರಣೆ ಸಿಕ್ಕಿತು. ಆ ದಿನ ಅಲ್ಲಿ ಒಂದು ಚಹಾ ಕುಡಿದು ವಾಪಸು ಬಂದೆ. ಆಮೇಲೆ ಹದಿನೈದು ವರ್ಷ ಆ ಎಡಬದಿಯ ಸೀಟಿನಲ್ಲಿ ಆರಾಮವಾಗಿ ಕುಳಿತಿದ್ದೆ.

ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ಕೊನೆಯ ವಾರದಲ್ಲಿ ಒಂದು ಮಧ್ಯಾಹ್ನ ಉಡುಪಿಯ ಆಸ್ಪತ್ರೆಯಲ್ಲಿ ನಾನೊಬ್ಬನೇ ಅವಳ ಬಳಿ ಇದ್ದೆ. ಡ್ರಿಪ್ಪಿನ ನಳಿಗೆಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತ ಅವಳು, "ಆ ದಿನ ನನಗೆ ಮಗು ಹೇಗೆ ಮರೆತುಹೋಯಿತು?" ಎಂದಳು. ನನ್ನನ್ನು ಕೇಳಿದ್ದೋ ತನ್ನನ್ನೇ ಕೇಳಿಕೊಂಡದ್ದೋ ತಿಳಿಯಲಿಲ್ಲ. "ಬಿಡಮ್ಮ, ಹಳೆಯ ಕತೆ," ಎಂದೆ. ಅವಳು ಬಿಟ್ಟಳು. ಸತ್ತಾಗ ನನಗೆ ಅಳು ಬರಲಿಲ್ಲ. ಬರುತ್ತದೆ ಎಂದು ಕೆಲವು ತಿಂಗಳು ಕಾದೆ. ಪಾಲಾದಾಗ ಮನೆ ಮಾರಿದರು, ಈಗ ಅಲ್ಲಿ ಟೈಲ್ಸಿನ ಗೋದಾಮು. ಆ ದಾರಿಯಲ್ಲಿ ಹೋಗುವಾಗಲೂ ನನಗೆ ವಿಶೇಷವಾಗಿ ಏನೂ ಆಗುವುದಿಲ್ಲ.

ಸುಜಿ ಕ್ಲಿನಿಕ್ಕಿನಿಂದ ಹೊರಗೆ ಬರುವಷ್ಟರಲ್ಲಿ ನಾನು ಚೌಕಗಳನ್ನೆಲ್ಲ ತುಂಬಿದ್ದೆ. ಹೆಚ್ಚಿನವು 'ಹಲವು ಬಾರಿ', ಕೆಲವು 'ಯಾವಾಗಲೂ'. ಕೊನೆಯ ಪುಟ ಖಾಲಿ ಇತ್ತು. ಅವಳು ಅದನ್ನು ನೋಡಿ, ಕಾಪುವಿಗೆ ಹೋಗಿ ಬಂದ ಮೇಲೆ ಬರೆದರೂ ಆಗ್ತದೆ, ಡಾಕ್ಟರ್ ನಾಳೆ ಕೊಟ್ಟರೆ ಸಾಕು ಅಂದಿದ್ದಾರೆ ಎಂದಳು. ಹೂವಿನ ಪೊಟ್ಟಣ ನೋಡಿ, "ಅಯ್ಯೋ, ಇದು ಇಲ್ಲಿತ್ತಾ? ಆ ದಿನ ಅಂಗಡಿಯವಳು ಕೊಡಲೇ ಇಲ್ಲ ಅಂತ ಅವಳ ಹತ್ತಿರ ಜಗಳ ಮಾಡಿ ಬಂದಿದ್ದೇನೆ," ಎಂದಳು. ಉಡುಪಿಯಲ್ಲಿ ಊಟ ಮಾಡಿ ಹೊರಟೆವು. ದಾರಿಯಲ್ಲಿ ಅವಳು ಎರಡು ಸಲ ತಪ್ಪು ಕಡೆ ತಿರುಗಿದಳು; ಎರಡು ಸಲವೂ ಅನ್ವಿಯ ಬಗ್ಗೆ ಹೇಳುತ್ತಿದ್ದಳು. ಅಜ್ಜಿಯ ಮನೆಯಲ್ಲಿ ಅನ್ವಿಗೆ ಹೊತ್ತಿಗೆ ಸರಿಯಾಗಿ ಊಟ ಸಿಗುತ್ತದೆ, ಹೋಮ್‌ವರ್ಕು ಆಗುತ್ತದೆ, ತಾನು ಪ್ರತಿ ಭಾನುವಾರ ಹೋಗುತ್ತೇನೆ ಎಂದಳು. ಪ್ರತಿ ಭಾನುವಾರ ಎಂಬ ಮಾತು ಕೇಳಿದಾಗ ನಾವು ಕಟಪಾಡಿಯ ಜಂಕ್ಷನ್ನಿಗೆ ಬಂದಿದ್ದೆವು. ಮುಂದೆ ಬಸ್ಸುಗಳು ಸಿಕ್ಕಿಹಾಕಿಕೊಂಡು ಕಾರು ನಿಂತಿತ್ತು. ನಾನು ಹೇಳಿದೆ. ಪೀಠಿಕೆ ಏನೂ ಹಾಕಲಿಲ್ಲ. ನೀನು ಬೆಳ್ಮಣ್ಣಿನಲ್ಲಿ ಉಳಿದದ್ದು ನನಗೆ ಬಸ್ಸು ಹೊರಡುವಾಗಲೇ ಗೊತ್ತಿತ್ತು, ಅಮ್ಮ ಎಣಿಸುತ್ತಿದ್ದಳು ಎಂಬ ಕಾರಣಕ್ಕೆ ನಾನು ಹೇಳಲಿಲ್ಲ, ಅಮ್ಮನಿಗೆ ನೆನಪಾದದ್ದು ಯಾರೂ ಹೇಳದೆ, ಎಣಿಕೆಯ ನಡುವೆ ತಾನಾಗಿಯೇ ಎಂದೆ. ಆಮೇಲೆ ಅಭ್ಯಾಸಬಲದಿಂದ, ಆದರೆ ಇದು ನಿಜವೋ ಅಲ್ಲವೋ ನನಗೆ ಖಚಿತವಿಲ್ಲ, ನಾನು ಕುಳಿತಿದ್ದು ಎಡಬದಿಯಲ್ಲಿ ಎಂದು ಸೇರಿಸಿದೆ.

ಅವಳು ಕಾರನ್ನು ಬದಿಗೆ ತಂದು ಒಂದು ಬೇಕರಿಯ ಎದುರು ನಿಲ್ಲಿಸಿದಳು. ಸ್ವಲ್ಪ ಹೊತ್ತು ಸ್ಟೇರಿಂಗಿನ ಮೇಲೆ ಬೆರಳು ಬಡಿಯುತ್ತಿದ್ದಳು.

"ನೀನು ಟಾಟಾ ಮಾಡಿದ್ದಿ," ಎಂದಳು.

ನನಗೆ ಅರ್ಥವಾಗಲಿಲ್ಲ.

"ಮೊದಲು ಕಾಣ್ಲಿಲ್ಲ ನೀನು. ಮತ್ತೆ ಈಚೆ ಬದಿಯ ಕಿಟಕಿಗೆ ಬಂದಿ. ಒಬ್ಬರು ಅಜ್ಜನ ಮಡಿಲ ಮೇಲಿಂದ ಬಗ್ಗಿ ನನಗೆ ಟಾಟಾ ಮಾಡಿದಿ. ನಾನೂ ಮಾಡಿದೆ." ಅವಳು ಎದುರಿನ ಗಾಜಿನಲ್ಲಿ ಆ ಬಸ್ಸನ್ನು ನೋಡುತ್ತಿರುವವಳ ಹಾಗೆ ಕಂಡಳು. "ಅದಕ್ಕೇ ನಾನು ಅಳಲಿಲ್ಲ ಅಣ್ಣ. ನಾನು ಇಲ್ಲಿರುವುದು ಅಣ್ಣನಿಗೆ ಗೊತ್ತುಂಟಲ್ಲ ಅಂತ. ಹೆದರಿಕೆ ಆದದ್ದು ಆಮೇಲೆ. ಅಮ್ಮ ನಿನ್ನನ್ನು ಮರೆತಳು ಮರೆತಳು ಅಂತ ಎಲ್ಲರೂ ಹೇಳ್ಲಿಕ್ಕೆ ಸುರು ಮಾಡಿದ ಮೇಲೆ."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನಿನಗೆ ಗೊತ್ತಿರುವ ಸಂಗತಿಯನ್ನು ನಿನಗೇ ಎಂತ ಹೇಳುವುದು ಎಂದಳು. ಕೈ ಬೀಸಿದ್ದು ನನಗೆ ನೆನಪಿಲ್ಲ. ಆಗಲೂ ಇರಲಿಲ್ಲ, ಇದನ್ನು ಬರೆಯುವಾಗಲೂ ಇಲ್ಲ. ಐದು ತುಂಬದ ಮಗುವಿನ ಸಾಕ್ಷ್ಯವನ್ನು ಮೂವತ್ತು ವರ್ಷದ ಮೇಲೆ ಎಷ್ಟು ನಂಬಬಹುದು ಎಂದು ತರಗತಿಯಲ್ಲಿ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇದೆ. ಆದರೆ ನಾನು ಎಡಬದಿಯಿಂದ ಬಲಬದಿಗೆ ಹೋದೆ ಎಂಬುದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಅಮ್ಮನಿಗೆ ಹೇಳಿದ್ದಿಯಾ ಇದನ್ನು?" ಎಂದು ಅವಳು ಕೇಳಿದಳು.

"ಇಲ್ಲ."

"ಹೇಳಬಹುದಿತ್ತು," ಎಂದಳು. ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ಅಷ್ಟರಲ್ಲಿ ಅವಳ ಫೋನು ಬಡಿದುಕೊಳ್ಳತೊಡಗಿತು. ಪರದೆಯ ಮೇಲೆ 'ಅನ್ವಿ, ಈಗಲೇ ಹೊರಡು' ಎಂದು ಇತ್ತು. ದಿನವೂ ಲ್ಯಾಬಿನಿಂದ ಹೊರಡುವ ಹೊತ್ತಿಗೆ ಇಟ್ಟ ಅಲಾರಂ. ಅಂದು ಅನ್ವಿಯನ್ನು ಕರೆತರಲು ಪಕ್ಕದ ಮನೆಯವರಿಗೆ ಹೇಳಿಯಾಗಿತ್ತು. ಸುಜಿ ಅಲಾರಂ ನಿಲ್ಲಿಸಲಿಲ್ಲ, ಅದು ತಾನಾಗಿ ನಿಲ್ಲುವವರೆಗೂ ಕೇಳುತ್ತ ಕುಳಿತಳು. ಆಮೇಲೆ ಪಕ್ಕದ ಮನೆಗೆ ಫೋನು ಮಾಡಿ, ನೀವು ಹೋಗುವುದು ಬೇಡ, ನಾನೇ ಬರ್ತೇನೆ ಎಂದಳು. ಜಂಕ್ಷನ್ನಿನಲ್ಲಿ ಕಾರು ತಿರುಗಿಸಿ ಉಡುಪಿಯ ಕಡೆ ಹೊರಟಳು. ಅರ್ಜಿಯ ಬಗ್ಗೆ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಉದ್ಯಾವರದ ಸೇತುವೆ ದಾಟುವಾಗ, "ನಾಳೆಯಿಂದ ಫೋನು ಲಾಕರಿನಲ್ಲಿ ಇಡುವುದಿಲ್ಲ ಅಂತ ಮೇಡಮ್ಮಿಗೆ ಹೇಳ್ತೇನೆ. ಡಾಕ್ಟರ ಹತ್ತಿರ ಒಂದು ಕಾಗದ ತಗೊಳ್ಳುವ," ಎಂದಳು. ಶಾಲೆಯ ಗೇಟಿಗೆ ಮುಟ್ಟಿದಾಗ ಮಕ್ಕಳು ಇನ್ನೂ ಹೊರಗೆ ಬಂದಿರಲಿಲ್ಲ. ಹತ್ತು ನಿಮಿಷ ಮೊದಲೇ ಬಂದ ತಾಯಿಯನ್ನು ಕಂಡು ವಾಚ್‌ಮ್ಯಾನ್ ತನ್ನ ವಾಚು ನೋಡಿಕೊಂಡ. ಜೂನಿನಲ್ಲಿ ಅನ್ವಿ ಅದೇ ಶಾಲೆಯಲ್ಲಿ ಮೂರನೆಯ ತರಗತಿಗೆ ಹೋದಳು. ಅಲ್ಲಿಂದ ಈಚೆಗೆ ಇನ್ನೂ ಒಂದು ಸಲ ಅವಳು ಆ ಕುರ್ಚಿಯಲ್ಲಿ ಕುಳಿತದ್ದುಂಟು. ಇಪ್ಪತ್ತು ನಿಮಿಷ.

ಫಾರಮ್ಮಿನ ಕೊನೆಯ ಪುಟವನ್ನು ಮರುದಿನ ಬೆಳಿಗ್ಗೆ ತುಂಬಿದೆ. ತಾಯಿಗೂ ಹೀಗೆಯೇ ಇತ್ತು ಎಂದು ಕಾಣುತ್ತದೆ, ಆದರೆ ಅವರು ಮಗುವನ್ನು ಮರೆತದ್ದು ಒಮ್ಮೆ, ನೆನಪು ಮಾಡಿಕೊಂಡದ್ದೂ ಅವರೇ, ಆ ಹೊತ್ತಿಗೆ ವಿಷಯ ಗೊತ್ತಿದ್ದ ಇನ್ನೊಬ್ಬರು ಪಕ್ಕದಲ್ಲಿ ಇದ್ದರು ಎಂದು ಬರೆದೆ. ಡಾಕ್ಟರಿಗೆ ಅದರಿಂದ ಏನು ಉಪಯೋಗವಾಯಿತೋ ತಿಳಿಯದು. ಹೂವಿನ ಪೊಟ್ಟಣ ಹೇಗೋ ನನ್ನ ಚೀಲಕ್ಕೆ ಬಂದಿತ್ತು. ಕೊಳೆತ ಮೊಗ್ಗುಗಳನ್ನು ಒಂದೊಂದಾಗಿ ಬಿಡಿಸಿ ತೆಗೆದು, ನಾರನ್ನು ಕೋಣೆಯ ಬೇಸಿನ್ನಿನಲ್ಲಿ ತೊಳೆದು ಕಿಟಕಿಯ ಸರಳಿಗೆ ಹಾಕಿದೆ. ಬಿಡಿಸುವಾಗ ಎಷ್ಟಿವೆ ನೋಡೋಣ ಎಂದು ಎಣಿಸತೊಡಗಿದ್ದೆ. ಒಂಜಿ, ರಡ್ಡ್, ಮೂಜಿ. ನೂರು ದಾಟುವ ಮೊದಲೇ ಲೆಕ್ಕ ತಪ್ಪಿತು. ಕೋಣೆಯಲ್ಲಿ ನಾನೊಬ್ಬನೇ ಇದ್ದೆ, ಯಾರೂ ಮಾತಾಡಿಸಿರಲಿಲ್ಲ. ಮತ್ತೆ ಮೊದಲಿನಿಂದ ಎಣಿಸಿದೆ.